ಅಣುಸ್ಥಾವರದ ಭಯ: ಅಯೋಡಿನ್ ಮಾತ್ರೆ ಜೇಬಿನಲ್ಲಿರಬೇಕೆ?

ಹೊಸಕೋಟೆಯ ಗೃಹಿಣಿಯೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗ ಕಂಪನಿಯ ಕೆಲಸದ ಮೇಲೆ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯಕ್ಕೆ ಹೊರಟಿದ್ದಾನೆ. 'ಅಲ್ಲಿ ಅಣುಸ್ಥಾವರದಲ್ಲಿ ಸೋರಿಕೆಯಾಗಿತ್ತಂತೆ. ಅಯೋಡಿನ್ ಮಾತ್ರೆ ಕೊಟ್ಟು ಕಳುಹಿಸಲೇ?' ಎಂಬುದು ಅವರ ಪ್ರಶ್ನೆ.

ಅವರು ಕೇಳಿರುವುದು ತೈಶಾನ್ ಸ್ಥಾವರದ ಸಂಗತಿ. 2021ರ ಜೂನ್‌ನಲ್ಲಿ, ಅದರಲ್ಲಿ ಪಾಲುದಾರಿಕೆಯಿದ್ದ ಫ್ರಾನ್ಸಿನ ಕಂಪನಿಯೊಂದು ತಾಂತ್ರಿಕ ನೆರವಿಗಾಗಿ ಅಮೆರಿಕ ಸರ್ಕಾರದ ಮೊರೆಹೋದಾಗ ವಿಷಯ ಹೊರಬಿತ್ತು. ಅರವತ್ತು ಸಾವಿರಕ್ಕೂ ಹೆಚ್ಚು ಇಂಧನ ಸರಳುಗಳ ಪೈಕಿ ಸುಮಾರು ಐದರ ಹೊದಿಕೆ ಹಾಳಾಗಿದೆ, ಪರಿಸರಕ್ಕೆ ಸೋರಿಕೆಯಾಗಿಲ್ಲ ಎಂದು ಚೀನಾ ಹೇಳಿತು. ಜುಲೈ ಕೊನೆಗೆ ಆ ಘಟಕವನ್ನು ನಿಲ್ಲಿಸಲಾಯಿತು. ಮತ್ತೆ ಚಾಲನೆಗೊಂಡದ್ದು 2022ರಲ್ಲಿ. ಹೊದಿಕೆ ಬಿರಿದಾಗ ಹೊರಬರುವ ಕ್ಸೆನಾನ್, ಕ್ರಿಪ್ಟಾನ್‌ನಂಥ ಅನಿಲಗಳು ಥೈರಾಯ್ಡ್ ಗ್ರಂಥಿಯಲ್ಲಿ ಶೇಖರವಾಗುವುದಿಲ್ಲ. ಹಾಗಾಗಿ ಅವುಗಳಿಗೆ ಅಯೋಡಿನ್ ಮಾತ್ರೆಯಿಂದ ಯಾವ ಉಪಯೋಗವೂ ಇಲ್ಲ.

ಆದರೂ ಆತಂಕಕ್ಕೆ ಕಾರಣವಿತ್ತು. ಸುದ್ದಿ ಮೂರನೆಯವರ ಬಾಯಿಂದ ಬಂದರೆ ಯಾರಿಗೆ ತಾನೆ ಗಾಬರಿಯಾಗದು? 1986ರಲ್ಲಿ ಚೆರ್ನೋಬಿಲ್ ದುರಂತ ಜಗತ್ತಿಗೆ ಗೊತ್ತಾದದ್ದು ಎರಡು ದಿನಗಳ ನಂತರ, ಸ್ವೀಡನ್ನಿನ ಸ್ಥಾವರವೊಂದರಲ್ಲಿ ವಿಕಿರಣ ಪತ್ತೆಯಾದಾಗ. ಆ ವರ್ಷವೇ, ಇಂಥ ಅವಘಡವಾದರೆ ನೆರೆರಾಷ್ಟ್ರಗಳಿಗೆ ಬೇಗನೆ ತಿಳಿಸಬೇಕೆಂಬ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಚೆರ್ನೋಬಿಲ್ ಸುತ್ತಲಿನ ಮಕ್ಕಳು ವಿಕಿರಣಶೀಲ ಅಯೋಡಿನ್ ಬೆರೆತ ಹಾಲು ಕುಡಿದರು. ಮುಂದೆ ಅವರಲ್ಲಿ ಥೈರಾಯ್ಡ್ ಕ್ಯಾನ್ಸರ್ ಹೆಚ್ಚಿತು. ಬೇಗ ತಿಳಿದಿದ್ದರೆ ಹಾಲನ್ನಾದರೂ ತಪ್ಪಿಸಬಹುದಿತ್ತು.

ಚೀನಾದ ಮಾತೇಕೆ, ನಮ್ಮ ಉತ್ತರ ಕನ್ನಡದ ಕೈಗಾದಲ್ಲೇ 2009ರ ನವೆಂಬರ್‌ನಲ್ಲಿ ಐವತ್ತಕ್ಕೂ ಹೆಚ್ಚು ನೌಕರರ ಮೂತ್ರದಲ್ಲಿ ಟ್ರೀಷಿಯಂ ಹೆಚ್ಚಾಗಿ ಕಂಡುಬಂತು. ಕುಡಿಯುವ ನೀರಿನ ಕೂಲರ್‌ಗೆ ಯಾರೋ ಭಾರಜಲ ಬೆರೆಸಿದ್ದರು. ಅದು ಪತ್ತೆಯಾದದ್ದು ವಾಡಿಕೆಯ ಮೂತ್ರ ಪರೀಕ್ಷೆಯಿಂದ ಎಂಬುದು ಗಮನಾರ್ಹ. ಟ್ರೀಷಿಯಂ ನೀರಿನೊಂದಿಗೇ ಸೇರಿ ಹೋಗುವ ವಸ್ತು; ಸುಮಾರು ಹತ್ತು ದಿನಗಳಲ್ಲಿ ಅದರ ಅರ್ಧಭಾಗ ದೇಹದಿಂದ ಹೊರಹೋಗುತ್ತದೆ. ಧಾರಾಳವಾಗಿ ನೀರು ಕುಡಿದರೆ ಇನ್ನೂ ಬೇಗ. ಇಲ್ಲೂ ಅಯೋಡಿನ್ ಮಾತ್ರೆಗೆ ಕೆಲಸವಿಲ್ಲ.

ಹಾಗಾದರೆ ಆ ಮಾತ್ರೆ ಯಾವುದಕ್ಕೆ? ವಿಕಿರಣಶೀಲ ಅಯೋಡಿನ್ ಗಾಳಿಗೆ ಸೇರಿದಾಗ ಮಾತ್ರ. ಮಾತ್ರೆಯಲ್ಲಿನ ಒಳ್ಳೆಯ ಅಯೋಡಿನ್ ಥೈರಾಯ್ಡ್ ಗ್ರಂಥಿಯನ್ನು ಮೊದಲೇ ತುಂಬಿಬಿಡುತ್ತದೆ, ಕೆಟ್ಟದ್ದಕ್ಕೆ ಜಾಗವಿರುವುದಿಲ್ಲ. ಸೋರಿಕೆಗೆ ಸ್ವಲ್ಪ ಮುಂಚೆ ಅಥವಾ ಕೆಲವೇ ಗಂಟೆಗಳೊಳಗೆ ನುಂಗಬೇಕು. ಮಕ್ಕಳಿಗೆ, ಗರ್ಭಿಣಿಯರಿಗೆ ಇದರ ಅಗತ್ಯ ಹೆಚ್ಚು. ನಲವತ್ತು ದಾಟಿದವರಿಗೆ ಪ್ರಯೋಜನ ಕಡಿಮೆ. ಥೈರಾಯ್ಡ್ ತೊಂದರೆಯಿರುವವರು ತಾವಾಗಿ ನುಂಗಿದರೆ ಕಾಯಿಲೆ ಉಲ್ಬಣಿಸಬಹುದು.

2011ರಲ್ಲಿ ಜಪಾನಿನ ಫುಕುಶಿಮಾ ಅವಘಡವಾದಾಗ ಚೀನಾದ ಜನ ಅಯೋಡಿನ್ ಉಪ್ಪಿಗಾಗಿ ಅಂಗಡಿಗಳಿಗೆ ಮುಗಿಬಿದ್ದರು. ನಮ್ಮ ಅಡುಗೆಮನೆಯ ಉಪ್ಪಿನಲ್ಲಿ ಕಿಲೋಗೆ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕೆಂಬ ನಿಯಮವಿದೆ. ವಯಸ್ಕರ ಮಾತ್ರೆಯಲ್ಲಿರುವುದು ಸುಮಾರು 100 ಮಿಲಿಗ್ರಾಂ. ಅಷ್ಟು ಅಯೋಡಿನ್ ಬೇಕೆಂದರೆ ಆರು ಕಿಲೋಗೂ ಹೆಚ್ಚು ಉಪ್ಪು ತಿನ್ನಬೇಕಾದೀತು!

ತಾಯಿಯವರೇ, ಮಗನಿಗೆ ಮಾತ್ರೆ ಕಟ್ಟಿಕೊಡುವ ಅಗತ್ಯವಿಲ್ಲ. ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಫೋನ್ ನಂಬರ್ ಬರೆದುಕೊಂಡಿರಲಿ. ಅವಘಡದ ಸುದ್ದಿ ಬಂದರೆ ಮನೆಯೊಳಗಿದ್ದು ಕಿಟಕಿ ಬಾಗಿಲು ಮುಚ್ಚಿಕೊಳ್ಳಲಿ, ಮಾತ್ರೆಯನ್ನು ಅಧಿಕಾರಿಗಳು ಹೇಳಿದಾಗ ಮಾತ್ರ ನುಂಗಲಿ. ಅವನಿಗೆ ಥೈರಾಯ್ಡ್ ತೊಂದರೆಯೇನಾದರೂ ಇದ್ದರೆ, ಹೊರಡುವ ಮುನ್ನ ನಿಮ್ಮ ವೈದ್ಯರನ್ನೊಮ್ಮೆ ಕಾಣಲಿ.