ಘಟ್ಟ ಹತ್ತುವ ಸೈಕಲ್ಲಿನ ಲೆಕ್ಕಾಚಾರ

ಸಂವಾದ ಕಾರ್ಯಕ್ರಮದ ಚಿತ್ರೀಕರಣ ಮುಗಿದು ದೀಪಗಳು ಒಂದೊಂದಾಗಿ ಆರುತ್ತಿದ್ದಾಗ ಪದವಿ ತರಗತಿಯ ವಿದ್ಯಾರ್ಥಿನಿಯೊಬ್ಬರು ಬಳಿಗೆ ಬಂದರು. "ಸಾರ್, ರಜೆಯಲ್ಲಿ ನಾವು ನಾಲ್ಕು ಜನ ಶಿವಮೊಗ್ಗದಿಂದ ಆಗುಂಬೆ ಮೇಲೆ ಉಡುಪಿಗೆ ಸೈಕಲ್ಲಿನಲ್ಲಿ ಹೋಗಬೇಕೂಂತ ಇದ್ದೇವೆ. ಸುಮಾರು ನೂರೈವತ್ತು ಕಿಲೋಮೀಟರ್. ಒಂದೇ ದಿನದಲ್ಲಿ ಆಗುತ್ತಲ್ವಾ?" ಎಂದು ಕೇಳಿದರು. "ಎರಡು ದಿನ ಇಟ್ಟುಕೊಳ್ಳಿ, ರಾತ್ರಿ ಆಗುಂಬೆಯಲ್ಲಿ ತಂಗಿ" ಎಂದಷ್ಟೇ ಹೇಳಲು ಆಗ ಸಮಯವಿತ್ತು. ಹಾಗೇಕೆ ಹೇಳಿದೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಬಟ್ಟೆಬರೆ, ಮಲಗುವ ಸಾಮಾನುಗಳನ್ನು ಸೈಕಲ್ಲಿಗೇ ಕಟ್ಟಿಕೊಂಡು ದಿನಗಟ್ಟಲೆ ತಿರುಗುವುದಕ್ಕೆ ಈಗ 'ಬೈಕ್‌ಪ್ಯಾಕಿಂಗ್' ಎಂಬ ಹೆಸರು ರೂಢಿಯಲ್ಲಿದೆ. ಹೆಸರು ಹೊಸತೇನಲ್ಲ. ಅಲಾಸ್ಕ ಮತ್ತು ಕೆನಡಾದ ಸೈಕಲ್ ಯಾತ್ರೆಯೊಂದರ ಬಗ್ಗೆ 'ನ್ಯಾಷನಲ್ ಜಿಯಾಗ್ರಫಿಕ್' ಪತ್ರಿಕೆ 1973ರಲ್ಲೇ ಇದೇ ಹೆಸರಿನಡಿ ಲೇಖನ ಪ್ರಕಟಿಸಿತ್ತು. ನಮ್ಮಲ್ಲಿ ಹಾಸಿಗೆ ಸುರುಳಿಯನ್ನು ಕ್ಯಾರಿಯರಿಗೆ ಬಿಗಿದು ಜಾತ್ರೆಗೆ ಹೊರಟವರು ಮಾಡಿದ್ದೂ ಬಹುಮಟ್ಟಿಗೆ ಇದೇ.

ಮೊದಲು ದಾರಿಯ ವಿಚಾರ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ, ಆಗುಂಬೆ ಸುಮಾರು 640. ವ್ಯತ್ಯಾಸ 70 ಮೀಟರ್ ಮಾತ್ರ. ಇದನ್ನು ನೋಡಿ ದಾರಿ ಸಪಾಟು ಎಂದುಕೊಂಡರೆ ಕೆಟ್ಟಿರಿ! ಮಲೆನಾಡಿನ ರಸ್ತೆ ಹಳ್ಳಕ್ಕೆ ಇಳಿಯುತ್ತದೆ, ದಿಬ್ಬ ಹತ್ತುತ್ತದೆ, ಮತ್ತೆ ಇಳಿಯುತ್ತದೆ. ಇಳಿದಾಗ ಸಿಕ್ಕ ವೇಗದಲ್ಲಿ ಬಹುಪಾಲನ್ನು ಗಾಳಿಯೂ ಬ್ರೇಕೂ ತಿಂದುಹಾಕುತ್ತವೆ. ಆದ್ದರಿಂದ ಎರಡು ಊರುಗಳ ಎತ್ತರದ ವ್ಯತ್ಯಾಸವನ್ನು ಬಿಟ್ಟು, ದಾರಿಯುದ್ದಕ್ಕೂ ಏರಿದ್ದನ್ನೆಲ್ಲ ಕೂಡಬೇಕು. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕ್ಷೆಯಲ್ಲಿ ಎರಡು ಸೆಂಟಿಮೀಟರ್ ಎಂದರೆ ಒಂದು ಕಿಲೋಮೀಟರ್; ಸಾಮಾನ್ಯವಾಗಿ ಸಮೋನ್ನತ ರೇಖೆಗಳು 20 ಮೀಟರಿಗೊಂದು. ರಸ್ತೆ ಮೇಲ್ಮುಖವಾಗಿ ದಾಟುವ ರೇಖೆಗಳನ್ನು ಪೆನ್ಸಿಲ್ಲಿನಿಂದ ಗುರುತಿಸಿ, ಎಣಿಸಿ, 20ರಿಂದ ಗುಣಿಸಿ. ಇದೇ ಲೆಕ್ಕವನ್ನು ಮೊಬೈಲ್ ಫೋನಿನ ನಕ್ಷೆಗಳು ಕ್ಷಣದಲ್ಲಿ ಮಾಡಿಕೊಡುತ್ತವೆ, ನಿಜ. ಆದರೆ ಒಮ್ಮೆ ಕೈಯಾರೆ ಮಾಡಿದವರಿಗೆ ದಾರಿ ಮನಸ್ಸಿನಲ್ಲಿ ಅಚ್ಚಾಗುತ್ತದೆ. ಘಟ್ಟದಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತದೆಂಬ ಭರವಸೆಯಂತೂ ಬೇಡ; ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ.

ಏರಿನ ಬೆಲೆ ಎಷ್ಟು? ಸವಾರ 60 ಕಿಲೋ, ಸೈಕಲ್ 15, ಸಾಮಾನು 10, ಒಟ್ಟು 85 ಎಂದಿಟ್ಟುಕೊಳ್ಳಿ. ಉಡುಪಿ ಕಡೆಯಿಂದ ಬರುವವರು ಸೋಮೇಶ್ವರ ದಾಟಿದ ಮೇಲೆ ಹದಿನಾಲ್ಕು ಹಿಮ್ಮುರಿ ತಿರುವುಗಳಲ್ಲಿ ಸುಮಾರು 500 ಮೀಟರ್ ಏರಬೇಕು. 85 × 9.8 × 500, ಅಂದರೆ ನಾಲ್ಕು ಲಕ್ಷ ಜೌಲ್‌ಗೂ ಮೀರಿದ ಕೆಲಸ. ಸಾಮಾನ್ಯ ಆರೋಗ್ಯವಂತ ಯುವಕ, ಯುವತಿ ಗಂಟೆಗಟ್ಟಲೆ 100 ವ್ಯಾಟ್ ಶಕ್ತಿ ಕೊಡಬಲ್ಲರೆಂದು ಹಿಡಿದರೆ ಎತ್ತರಕ್ಕೆಂದೇ ಸುಮಾರು 70 ನಿಮಿಷ ಬೇಕು. ನೀರು ಕುಡಿಯುವುದು, ಉಸ್ಸೆಂದು ಕೂರುವುದು ಬೇರೆ. ಪ್ರತಿ 100 ಮೀಟರ್ ಏರಿಗೆ ಕಾಲು ಗಂಟೆ ಹೆಚ್ಚುವರಿ ಎಂದು ನೆನಪಿಟ್ಟರೆ ಸಾಕು.

ಇದೇ ಲೆಕ್ಕ ಇನ್ನೊಂದನ್ನೂ ಹೇಳುತ್ತದೆ. ಒಂದು ಕಿಲೋ ಹೆಚ್ಚು ಹೊತ್ತರೆ ಇಡೀ ಘಟ್ಟಕ್ಕೆ ತಗಲುವ ಹೆಚ್ಚಿನ ಸಮಯ 49 ಸೆಕೆಂಡ್, ಅಷ್ಟೆ. ಒಂದು ಕಿಲೋ ಹಗುರವಾದ ಸೈಕಲ್ಲಿಗೆ ಅಪ್ಪನ ಹತ್ತಿರ ಸಾವಿರಾರು ರೂಪಾಯಿ ಕೇಳುವ ಮೊದಲು ಇದನ್ನು ಯೋಚಿಸಿ. ಹಣ ಹಾಕಬೇಕಾದದ್ದು ಗೇರಿಗೆ.

ಹಳೆಯ ಮಾದರಿಯ ಸಾದಾ ಸೈಕಲ್ಲಿಗೆ ಪೆಡಲ್ ಬಳಿ 44 ಹಲ್ಲು, ಹಿಂದಿನ ಚಕ್ರದಲ್ಲಿ 18 ಹಲ್ಲು ಇದೆ ಎನ್ನಿ. ಚಕ್ರದ ಸುತ್ತಳತೆ 2.2 ಮೀಟರ್ ಆದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ 5.4 ಮೀಟರ್ ಸಾಗುತ್ತದೆ. ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ 100 ವ್ಯಾಟ್ ನಿಮಗೆ ಕೊಡುವ ವೇಗ ಗಂಟೆಗೆ ಸುಮಾರು 6 ಕಿ.ಮೀ. ಆ ವೇಗದಲ್ಲಿ ಪೆಡಲ್ ನಿಮಿಷಕ್ಕೆ 18 ಸುತ್ತು ಮಾತ್ರ ತಿರುಗುತ್ತದೆ. ಪ್ರತಿ ಸುತ್ತಿಗೂ ಎದ್ದು ನಿಂತು ಮೈಭಾರ ಹಾಕಬೇಕು; ಮಂಡಿ ದೂರು ಹೇಳುತ್ತದೆ, ಕೊನೆಗೆ ಇಳಿದು ತಳ್ಳುತ್ತೀರಿ. ಮುಂದೆ 28, ಹಿಂದೆ 34 ಹಲ್ಲಿನ ಗೇರಿದ್ದರೆ ಅದೇ ವೇಗದಲ್ಲಿ 55 ಸುತ್ತು. ಕೆಲಸ ಕಡಿಮೆಯಾಗಲಿಲ್ಲ, ಮೂರನೇ ಒಂದು ಭಾಗದ ಬಲದ ಚಿಕ್ಕ ಕಂತುಗಳಾದವು. ಅಂಗಡಿಯಲ್ಲಿ "ಇಪ್ಪತ್ತೊಂದು ಗೇರ್" ಎಂಬ ಮಾತಿಗೆ ಮರುಳಾಗದೆ, ಅತಿ ಚಿಕ್ಕ ಮುಂಚಕ್ರ ಮತ್ತು ಅತಿ ದೊಡ್ಡ ಹಿಂಚಕ್ರದ ಹಲ್ಲುಗಳನ್ನು ಕೂತು ಎಣಿಸಿ.

ಸಾಮಾನು ಕಟ್ಟುವಾಗ ಉಪಕರಣ, ನೀರು, ಪಂಪಿನಂಥ ಭಾರದ ವಸ್ತುಗಳನ್ನು ಫ್ರೇಮಿನ ತ್ರಿಕೋನದ ಚೀಲದಲ್ಲಿಡಿ. ಹೊದಿಕೆ, ಬಟ್ಟೆ ಸೀಟಿನ ಹಿಂದೆ. ಹ್ಯಾಂಡಲ್ಲಿಗೆ ಭಾರ ತೂಗುಹಾಕಿದರೆ ಪ್ರತಿ ತಿರುವಿನಲ್ಲೂ ಅದನ್ನೂ ತಿರುಗಿಸಬೇಕಾಗುತ್ತದೆ. ಎರಡು ಟ್ಯೂಬು, ಪಂಕ್ಚರ್ ಸಾಮಗ್ರಿ, ಬದಲಿ ಬ್ರೇಕ್ ಕಟ್ಟೆ ಮರೆಯಬೇಡಿ. ಹಗ್ಗದ ತುದಿ ನೇತಾಡದಂತೆ ನೋಡಿಕೊಳ್ಳಿ.

ಈಗ ಆಗುಂಬೆಯಲ್ಲಿ ತಂಗುವ ಮಾತು. 1980ರ ದಶಕದಲ್ಲಿ ದೂರದರ್ಶನಕ್ಕಾಗಿ ಶಂಕರ್ ನಾಗ್ 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ್ದು ಈ ಊರಿನಲ್ಲಿ. ಇಲ್ಲಿನ ಸೂರ್ಯಾಸ್ತ ಪ್ರಸಿದ್ಧ, ಅಪಾಯವಿರುವುದೂ ಅಲ್ಲೇ. ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಗ ನಾನೂ ಗೆಳೆಯನೂ ಸೂರ್ಯ ಮುಳುಗುವುದನ್ನು ಕೊನೆಯವರೆಗೂ ನೋಡಿ, ಆಮೇಲೆ ಘಟ್ಟ ಇಳಿಯತೊಡಗಿದೆವು. ನಮ್ಮಲ್ಲಿದ್ದದ್ದು ಚಕ್ರಕ್ಕೆ ಉಜ್ಜಿ ತಿರುಗುವ ಡೈನಮೊ ದೀಪ. ಡೈನಮೊ ನಿಧಾನವಾಗಿ ತಿರುಗಿದರೆ ವಿದ್ಯುತ್ ಕಡಿಮೆ ಎಂಬ ಫ್ಯಾರಡೆ ನಿಯಮವನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಆದರೂ ತಿರುವಿನಲ್ಲಿ ಬ್ರೇಕ್ ಹಿಡಿದಾಗ ದೀಪ ಮಂಕಾಗುತ್ತದೆ, ದಾರಿ ಕಾಣಬೇಕಾದ ಕ್ಷಣದಲ್ಲೇ ಕಾಣದಾಗುತ್ತದೆ ಎಂದು ಹೊಳೆದಿರಲಿಲ್ಲ. ಜಲ್ಲಿಕಲ್ಲಿನ ಮೇಲೆ ಜಾರಿ ಬಿದ್ದೆ. ಎಡ ಮುಂಗೈ ಮೂಳೆ ಮುರಿಯಿತು. ಸೈಕಲ್ ರಸ್ತೆ ನಡುವೆ ಬಿದ್ದಿದ್ದಾಗ ಕೆಳಗಿನಿಂದ ಬಸ್ಸಿನ ಸದ್ದು ಕೇಳಿಸಿತು. ಗೆಳೆಯ ಅದನ್ನು ಎಳೆದು ಹಾಕಿದ್ದು ಬಸ್ಸು ತಿರುವಿಗೆ ಬರುವ ಸ್ವಲ್ಪವೇ ಮುಂಚೆ.

ಹಗಲಿನಲ್ಲೂ ಇಳಿಜಾರು ಸುಲಭವಲ್ಲ. ಹತ್ತುವಾಗ ಹೂಡಿದ ನಾಲ್ಕು ಲಕ್ಷ ಜೌಲ್ ಇಳಿಯುವಾಗ ಶಾಖವಾಗಲೇಬೇಕು. ನಿಧಾನವಾಗಿ ಇಳಿಯುವವರಿಗೆ ಅದರ ಬಹುಪಾಲು ಬ್ರೇಕಿನಲ್ಲೇ ಹುಟ್ಟುತ್ತದೆ. ಒಂದು ಲೀಟರ್ ನೀರು ಕುದಿ ಬರಿಸಲು ಅಷ್ಟು ಸಾಕು. ರಿಮ್ಮಿಗೆ ಹಿಡಿಯುವ ಬ್ರೇಕಾದರೆ ರಿಮ್ ಕಾದು ಟ್ಯೂಬ್ ಸಿಡಿಯಲೂಬಹುದು. ಎರಡು ಬ್ರೇಕನ್ನೂ ಹಿಡಿದು ಬಿಟ್ಟು ಮಾಡುತ್ತ, ನಾಲ್ಕೈದು ತಿರುವಿಗೊಮ್ಮೆ ರಸ್ತೆಯಂಚಿನಲ್ಲಿ ಜಾಗ ನೋಡಿ ನಿಲ್ಲಿ. ರಿಮ್ ಒದ್ದೆಯಾಗಿದ್ದರೆ ಮೊದಲ ಕೆಲವು ಸುತ್ತು ಬ್ರೇಕ್ ನೀರನ್ನಷ್ಟೇ ಒರೆಸುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೈಕಲ್ ಒಯ್ಯಬೇಡಿ ಎನ್ನಲು ಇದೊಂದು ಕಾರಣ, ಗುಡ್ಡ ಕುಸಿತ ಇನ್ನೊಂದು.

ಆ ನಾಲ್ವರು ಡಿಸೆಂಬರಿನಲ್ಲಿ ಹೊರಡುವವರಿದ್ದಾರೆ. ಮೊದಲ ದಿನ ತೀರ್ಥಹಳ್ಳಿಯಲ್ಲಿ ಊಟ, ಸಂಜೆಗೆ ಆಗುಂಬೆ. ಸೂರ್ಯಾಸ್ತವನ್ನು ಧಾರಾಳವಾಗಿ ನೋಡಲಿ, ಆದರೆ ಕೋಣೆಗೆ ವಾಪಸಾಗಲಿ. ಕಾಡಿನಲ್ಲಿ ಡೇರೆ ಹಾಕಲು ಅರಣ್ಯ ಇಲಾಖೆಯ ಅನುಮತಿ ಬೇಕು. ಬೆಳಿಗ್ಗೆ ಮಂಜು ಕರಗಿದ ಮೇಲೆ ಇಳಿಯಲು ತೊಡಗಿದರೆ ಮಧ್ಯಾಹ್ನದ ಊಟಕ್ಕೆ ಉಡುಪಿ. ಬ್ಯಾಟರಿ ದೀಪವನ್ನಂತೂ ಹಗಲಿಗೂ ಜೊತೆಗಿಟ್ಟುಕೊಳ್ಳಲು ಹೇಳಿದ್ದೇನೆ.