ಗಾಜಿನ ಮೇಲಿನ ‘ಎ’, ಮೊಟ್ಟೆಯೊಳಗಿನ ಜೀವಿ

ಹೋಟೆಲಿನ ಬಾಗಿಲ ಪಕ್ಕದ ಗಾಜಿನ ಮೇಲೊಂದು ಕಾರ್ಡು. ಅದರಲ್ಲಿ ದಪ್ಪಗೆ ‘ಎ’, ‘ಬಿ’, ಇಲ್ಲವೇ ‘ಸಿ’. ಒಂದೇ ಒಂದು ಅಕ್ಷರ! ಅದರಿಂದ ಆಸ್ಪತ್ರೆ ಸೇರುವವರ ಸಂಖ್ಯೆ ಇಳಿದೀತೆ?

1997ರ ನವೆಂಬರಿನಲ್ಲಿ ಲಾಸ್ ಏಂಜಲೀಸ್‌ನ ಟಿವಿ ವಾಹಿನಿಯೊಂದು ಗುಪ್ತ ಕ್ಯಾಮೆರಾ ಹಿಡಿದು ಹೋಟೆಲುಗಳ ಅಡುಗೆಮನೆ ಹೊಕ್ಕಿತು. ಕಂಡದ್ದನ್ನು ನೋಡಿ ಊರು ಕೆರಳಿತು. ಡಿಸೆಂಬರಿನಲ್ಲೇ ಕೌಂಟಿ ಆಡಳಿತ ಕಾನೂನು ಮಾಡಿತು, ಜನವರಿಯಲ್ಲಿ ಕಾರ್ಡುಗಳು ಬಂದೇಬಿಟ್ಟವು! ನೂರಕ್ಕೆ 90 ಅಥವಾ ಹೆಚ್ಚು ಬಂದರೆ ‘ಎ’, 80ರಿಂದ ‘ಬಿ’, 70ರಿಂದ ‘ಸಿ’. ತಪಾಸಣೆ ಮೊದಲೂ ಇತ್ತು. ಅಂಕ ಕಡತದಲ್ಲಿ ಮಲಗಿರುತ್ತಿತ್ತು. ಈಗ ಬೀದಿಗೇ ಬಂದು ನಿಂತಿತು.

2003ರಲ್ಲಿ ಅರ್ಥಶಾಸ್ತ್ರಜ್ಞರಾದ ಜಿಂಜರ್ ಜಿನ್ ಮತ್ತು ಫಿಲಿಪ್ ಲೆಸ್ಲಿ ತಮ್ಮ ಲೆಕ್ಕ ಪ್ರಕಟಿಸಿದರು. ಹೋಟೆಲುಗಳ ಅಂಕ ಏರಿತ್ತು. ‘ಎ’ ಇದ್ದಲ್ಲಿ ವ್ಯಾಪಾರ ಕುದುರಿತ್ತು. ಕೆಟ್ಟ ಆಹಾರದಿಂದ ಆಸ್ಪತ್ರೆ ಸೇರುವವರು ಶೇ 20ರಷ್ಟು ಕಡಿಮೆಯಾಗಿದ್ದರು! ಲಸಿಕೆಯಿಲ್ಲ, ಮಾತ್ರೆಯಿಲ್ಲ, ಬರೀ ಒಂದು ಕಾಗದ. ಓದಿದಾಗ ನನಗೆ ಮೈ ಜುಮ್ಮೆಂದಿತ್ತು.

ಅದಕ್ಕಿಂತ ದೊಡ್ಡ ಬೆರಗು 2019ರಲ್ಲಿ ಬಂತು. ಸ್ಟ್ಯಾನ್‌ಫರ್ಡಿನ ಡೇನಿಯಲ್ ಹೋ ಮತ್ತು ಸಂಗಡಿಗರು ಆ ಲೆಕ್ಕವನ್ನು ಮತ್ತೆ ಬಿಚ್ಚಿದರು. ಇನ್ನಷ್ಟು ಆಸ್ಪತ್ರೆ ದಾಖಲೆ ತಂದರು, ಕಡ್ಡಾಯವಾಗಿ ವರದಿ ಮಾಡಲೇಬೇಕಾದ ರೋಗಗಳ ಅಂಕಿಗಳನ್ನೂ ಜೊತೆಗಿಟ್ಟು ನೋಡಿದರು. ಏನು ಕಂಡಿತು ಗೊತ್ತೆ? ಕಾರ್ಡು ಬರುವ ಮೊದಲೇ ದಕ್ಷಿಣ ಕ್ಯಾಲಿಫೋರ್ನಿಯಾವನ್ನೇ ಸಾಲ್ಮೊನೆಲ್ಲಾ ಸೋಂಕು ಕಾಡಿತ್ತು. ಅದು ಇಳಿದ ಮೇಲೆ, ಕಾರ್ಡು ಬಂದ ಕಡೆ ರೋಗಿಗಳು ಹೇಗೆ ಕಡಿಮೆಯಾದರೋ, ಹೊಸದಾಗಿ ಕಾರ್ಡು ಬಾರದ ಅಲ್ಲಿನ ಬೇರೆ ಕೌಂಟಿಗಳಲ್ಲೂ ಹಾಗೇ! ಆಸ್ಪತ್ರೆಯ ಹಾಸಿಗೆ ಖಾಲಿಯಾದದ್ದು ಆ ಅಕ್ಷರದಿಂದ ಎನ್ನಲು ಪುರಾವೆಯೇ ಉಳಿಯಲಿಲ್ಲ.

ಆ ದಶಕದಲ್ಲಿ ಅಲ್ಲಿ ತಲೆಯೆತ್ತಿದ್ದ ಸಾಲ್ಮೊನೆಲ್ಲಾ ಎಂಟೆರಿಟಿಡಿಸ್ ಎಂಬ ಬ್ಯಾಕ್ಟೀರಿಯಾ ಮುಖ್ಯವಾಗಿ ಹರಡುವುದು ಕೋಳಿಮೊಟ್ಟೆಯಿಂದ. ಹೇಗೆ ಸೇರುತ್ತದೆ ನೋಡಿ: ಕೋಳಿಯ ಅಂಡಾಶಯದಲ್ಲೇ ಬಿಡಾರ ಹೂಡುತ್ತದೆ, ಚಿಪ್ಪು ಕಟ್ಟುವ ಮೊದಲೇ ಒಳಗೆ ಕೂತುಬಿಡುತ್ತದೆ! ಕೋಳಿ ಗೆಲುವಾಗಿಯೇ ಓಡಾಡಿಕೊಂಡಿರುತ್ತದೆ. ಮೊಟ್ಟೆಗೆ ಬಿರುಕಿಲ್ಲ, ಕೊಳೆಯಿಲ್ಲ, ವಾಸನೆಯಿಲ್ಲ. ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ, ಹಸಿಯಾಗಿ ಸಾಸಿಗೆ ಬೆರೆಸಿದರೆ ಜೀವಂತವಾಗಿ ತಟ್ಟೆಗೆ ಬರುತ್ತದೆ.

ಇನ್‌ಸ್ಪೆಕ್ಟರು ಟಾರ್ಚು ಹಿಡಿದು ಬಗ್ಗಿ ನೋಡುತ್ತಾರೆ. ಒಲೆಯ ಹಿಂದೆ ಜಿರಲೆ ಇದೆಯೇ? ಕೈ ತೊಳೆಯುವಲ್ಲಿ ಸೋಪು ಇದೆಯೇ? ಫ್ರಿಜ್ಜು ತಣ್ಣಗಿದೆಯೇ? ನೋಡಲೇಬೇಕು. ಕೈ ತೊಳೆಯದ ಅಡುಗೆಯವರಿಂದ ನೊರೊವೈರಸ್ ಹರಡುವುದು ಸುಳ್ಳಲ್ಲ. ತಪಾಸಣೆ ಬೇಡವೆಂದು ನಾನಂತೂ ಹೇಳಲಾರೆ. ಆದರೆ ಆ ಟಾರ್ಚಿನ ಬೆಳಕು ಮೂಲೆಯ ಟ್ರೇ ಮೇಲೆ ಹಾದಾಗ, ಮೂವತ್ತು ಮೊಟ್ಟೆಗಳೂ ಒಂದೇ ಥರ ಬೆಳ್ಳಗೆ ಹೊಳೆಯುತ್ತವೆ.