ತಿರುವಾರೂರಿನ ಪಾದ್ರಿ ಹಾಕಿದ ಬೇಲಿ

ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ನಮ್ಮಕ್ಕನ ಮಗ ಕಳೆದ ಚಳಿಗಾಲದಲ್ಲಿ ಒಂದು ವಾರ ಆಲ್ಪ್ಸ್‌ಗೆ ಹೋಗಿ ಸ್ಕೀ ಕಲಿಯಲು ಹೊರಟ. ಒಬ್ಬನೇ ಹೋಗುವುದಕ್ಕಿಂತ ಗುಂಪಿನಲ್ಲಿ ಹೋದರೆ ಅಗ್ಗ, ನಾಲ್ಕು ಜನರ ಪರಿಚಯವೂ ಆದೀತು ಎಂಬ ಲೆಕ್ಕ. ಅರ್ಜಿಯಲ್ಲಿ ಹುಟ್ಟಿದ ದಿನಾಂಕ ಹಾಕಿದ್ದೇ ತಡ, ಬಾಗಿಲು ಮುಚ್ಚಿತು. 18ರಿಂದ 35ರವರಿಗೆ ಮಾತ್ರ. ಹೊರಡುವ ದಿನಕ್ಕೆ ಇವನಿಗೆ 36 ತುಂಬಿ ಒಂಬತ್ತು ದಿನವಾಗಿರುತ್ತಿತ್ತು. 'ಮಾವ, ನನ್ನನ್ನು ಮುದುಕ ಅಂದ್ಬಿಟ್ರು' ಎಂದು ಫೋನಿನಲ್ಲಿ ನಕ್ಕ. ನಗು ಪೂರ್ತಿ ನಗುವಾಗಿರಲಿಲ್ಲ.

ಈ ಮಿತಿಯ ಹಿಂದೆ ಮೊಣಕಾಲಿನ ಚಿಂತೆಯೋ ವಿಮೆಯ ತಕರಾರೋ ಇರಬೇಕೆಂದು ಹುಡುಕುತ್ತಾ ಹೋದೆ. ಸಿಕ್ಕಿದ್ದು ತಿರುವಾರೂರು.

ಹೌದು, ಕಾವೇರಿ ಬಯಲಿನ ಅದೇ ತೇರಿನ ಊರು. 1887ರಲ್ಲಿ ಹೆನ್ರಿ ಲನ್ ಎಂಬ ಮೆಥಡಿಸ್ಟ್ ಪಾದ್ರಿ, ವೈದ್ಯನೂ ಆಗಿದ್ದವನು, ಮಿಷನ್ ಕೆಲಸಕ್ಕೆಂದು ಮದ್ರಾಸ್ ಪ್ರಾಂತದ ಈ ಊರಿಗೆ ಬಂದ. ಬಿಸಿಲು, ಕಾಯಿಲೆ ಎರಡೂ ಸೇರಿ ಅವನನ್ನು ಬೇಗ ವಾಪಸು ಕಳಿಸಿದವು. ಹೋದವನು ಸುಮ್ಮನಿರಲಿಲ್ಲ. ಮಿಷನರಿಗಳು ಸುಖದ ಬದುಕು ನಡೆಸುತ್ತಾ ಯಾರಿಗಾಗಿ ಬಂದರೋ ಆ ಜನರಿಂದಲೇ ದೂರವಾಗಿದ್ದಾರೆ ಎಂದು ಪತ್ರಿಕೆಯಲ್ಲಿ ಬರೆದ. ಇಂಗ್ಲೆಂಡಿನ ಮೆಥಡಿಸ್ಟ್ ವಲಯದಲ್ಲಿ ದೊಡ್ಡ ರಾದ್ಧಾಂತವಾಯಿತು. ವಿಚಾರಣೆ ನಡೆದು ತೀರ್ಪು ಮಿಷನರಿಗಳ ಕಡೆಗೆ ವಾಲಿತು. ಲನ್ ಕೊನೆಗೆ ಪಾದ್ರಿಗಿರಿಯನ್ನೇ ಬಿಟ್ಟ.

ಆಮೇಲೆ ಹಿಡಿದ ಕೆಲಸ ಇನ್ನೂ ಸ್ವಾರಸ್ಯದ್ದು. ಕ್ರೈಸ್ತ ಪಂಗಡಗಳನ್ನೆಲ್ಲ ಒಂದುಗೂಡಿಸಬೇಕೆಂದು 1892ರಲ್ಲಿ ಸ್ವಿಟ್ಜರ್‌ಲೆಂಡಿನ ಗ್ರಿಂಡೆಲ್‌ವಾಲ್ಡ್‌ನಲ್ಲಿ ಸಮ್ಮೇಳನ ಕರೆದ. ಪಂಗಡಗಳು ಒಂದಾಗಲಿಲ್ಲ, ರೈಲು–ಹೋಟೆಲಿನ ಏರ್ಪಾಟು ಮಾತ್ರ ಕೈಹಿಡಿಯಿತು. ಪಾದ್ರಿ ಟೂರ್ ಆಪರೇಟರ್ ಆದ. ಆಗ ಆಲ್ಪ್ಸ್‌ನ ಹೋಟೆಲುಗಳೆಂದರೆ ಬೇಸಿಗೆಯ ವ್ಯಾಪಾರ. ಹಿಮ ಬಿದ್ದರೆ ಬಹುಪಾಲಿಗೆ ಬೀಗ. ಖಾಲಿ ಬಿದ್ದ ಆ ಹಾಸಿಗೆಗಳ ಮೇಲೆ ಲನ್ ಕಣ್ಣಿಟ್ಟ. ಚಳಿಗಾಲದಲ್ಲಿ ನಿಂತುಹೋಗುತ್ತಿದ್ದ, ಸ್ವಿಟ್ಜರ್‌ಲೆಂಡಿನ ಮ್ಯೂರೆನ್ ಹಳ್ಳಿಯ ಬೆಟ್ಟದ ರೈಲನ್ನು 1910ರ ಹೊತ್ತಿಗೆ ಇಂಗ್ಲಿಷರಿಗಾಗಿ ಓಡಿಸಲು ಒಪ್ಪಿಸಿದವನೂ ಇವನೇ.

ಬೇಲಿ ಬಂದದ್ದು ಇಲ್ಲಿ. ಲನ್ 'ಪಬ್ಲಿಕ್ ಸ್ಕೂಲ್ಸ್ ಆಲ್ಪೈನ್ ಸ್ಪೋರ್ಟ್ಸ್ ಕ್ಲಬ್' ಎಂಬುದೊಂದನ್ನು ಹುಟ್ಟುಹಾಕಿದ. ನಮ್ಮ ತಾಲ್ಲೂಕು ಕೇಂದ್ರಗಳಲ್ಲೂ ಈಗ ಬೋರ್ಡು ತೂಗುವ ಪಬ್ಲಿಕ್ ಸ್ಕೂಲುಗಳಲ್ಲ ಇವು. ಈಟನ್, ಹ್ಯಾರೋ ತರಹದ ಸಿರಿವಂತರ ಶಾಲೆಗಳು. ಅಲ್ಲಿ ಓದಿದವರು, ವಿಶ್ವವಿದ್ಯಾಲಯದವರು, ಸೇನಾಧಿಕಾರಿಗಳು ಸದಸ್ಯರಾಗಬಹುದಿತ್ತು. ಚಳಿಗಾಲಕ್ಕೆ ಹೋಟೆಲಿಗೆ ಹೋಟೆಲೇ ಕ್ಲಬ್ಬಿನ ಪಾಲು. ಸ್ವತಃ ಲನ್ ಹಾರ್ನ್‌ಕಾಸಲ್ ಎಂಬ ಸಂತೆಯೂರಿನ ಗ್ರಾಮರ್ ಸ್ಕೂಲಿನಲ್ಲಿ ಓದಿದವನು. ಜನರಿಂದ ದೂರವಿದ್ದೀರಿ ಎಂದು ತಿರುವಾರೂರಿನಿಂದ ಹೋಗಿ ಗುಡುಗಿದವನು ಹಿಮದ ಮೇಲೆ ಪಂಕ್ತಿಭೇದ ಹಾಕಿದ! ಅವನ ಮೇಲೆ ಸಿಟ್ಟು ಬರುತ್ತದೆ, ನಿಜ. ಆದರೆ ವ್ಯಾಪಾರದ ಮರ್ಮವನ್ನು ಅವನಷ್ಟು ಬೇಗ ಹಿಡಿದವರೂ ಕಡಿಮೆ. ಅಪರಿಚಿತರನ್ನು ಒಂದೇ ಊಟದ ಮೇಜಿಗೆ ಕೂರಿಸಬೇಕಾದರೆ ಎದುರಿಗೆ ಕೂತವರೂ ನಮ್ಮವರೇ ಎಂಬ ಭರವಸೆಯನ್ನು ಮೊದಲು ಮಾರಬೇಕು.

ಬೇಲಿಯೇ ಇಲ್ಲದೆಯೂ ಆಗುತ್ತಿತ್ತು ಎಂದು ತೋರಿಸಿದವಳು ಎರ್ನಾ ಲೋ. ವಿಯೆನ್ನಾದ ಹುಡುಗಿ, ಓದಲು ಲಂಡನ್ನಿಗೆ ಬಂದವಳು. ಊರಿಗೆ ಹೋಗಿಬರಲು ದುಡ್ಡಿಲ್ಲ. 1932ರಲ್ಲಿ 'ಮಾರ್ನಿಂಗ್ ಪೋಸ್ಟ್' ಪತ್ರಿಕೆಯಲ್ಲಿ ಪುಟ್ಟ ಜಾಹೀರಾತು ಕೊಟ್ಟಳು: ಆಸ್ಟ್ರಿಯಕ್ಕೆ ತಂಡ ಕರೆದೊಯ್ಯುತ್ತೇನೆ, ಹದಿನೈದು ದಿನಕ್ಕೆ 15 ಪೌಂಡ್. ಜನ ಬಂದರು, ಅವಳ ಪ್ರಯಾಣದ ಖರ್ಚೂ ಹುಟ್ಟಿತು. ಆ ಒಂದು ಜಾಹೀರಾತಿನಿಂದ ಶುರುವಾದ ಕಂಪನಿ 2002ರಲ್ಲಿ ಅವಳು ತೀರಿಕೊಂಡ ಮೇಲೂ ಉಳಿಯಿತು. ಯಾವ ಶಾಲೆ ಎಂದು ಕೇಳದೆ ಹಣ ಮತ್ತು ಹುಮ್ಮಸ್ಸು ಇದ್ದವರನ್ನು ರೈಲು ಹತ್ತಿಸಿದ ಆ ಹುಡುಗಿಯನ್ನು ಯೋಚಿಸಿದಾಗಲೆಲ್ಲ ನನಗೆ ಈಗಿನ ಅರ್ಜಿಗಳ ಮೇಲೆ ಇನ್ನಷ್ಟು ಮುನಿಸು.

ಎರಡನೇ ಮಹಾಯುದ್ಧದ ನಂತರ ಶಾಲೆಯ ಬೇಲಿ ಮುರಿದುಬಿತ್ತು. ಗೂಟಗಳು ಮಾತ್ರ ಉಳಿದವು. ಅವುಗಳಿಗೆ ವಯಸ್ಸಿನ ತಂತಿ ಬಿಗಿದರು. 1962ರಲ್ಲಿ ಜಾನ್ ಆಂಡರ್ಸನ್ ಎಂಬ ನ್ಯೂಜಿಲೆಂಡಿನವನು ಯೂರೋಪು ಸುತ್ತಲು ಲಂಡನ್ನಿನಲ್ಲಿ ಮಿನಿಬಸ್ ಕೊಂಡು ಸಹಪ್ರಯಾಣಿಕರನ್ನು ಹುಡುಕಿದ. ಅದೇ ಮುಂದೆ 'ಕಾಂಟಿಕಿ' ಆಯಿತು, 18ರಿಂದ 35 ಅದರ ಗುರುತಾಯಿತು. ಆಸ್ಟ್ರಿಯದ ಟೈರೋಲ್‌ನ ಹಾಪ್ಫ್‌ಗಾರ್ಟನ್‌ನಲ್ಲಿ ಅವರದೇ ಸ್ಕೀ ಮನೆಯೂ ಎದ್ದಿತು. ಅದೇ ದಶಕದಲ್ಲಿ ಇಂಗ್ಲೆಂಡಿನ ಇನ್ನೊಂದು ಕಂಪನಿ ಬೇಲಿಯನ್ನೇ ಹೆಸರಾಗಿಸಿಕೊಂಡಿತು: 'ಕ್ಲಬ್ 18–30'. ಅದು ಕಡಲತೀರದ ಕುಡಿತ–ಕುಣಿತಕ್ಕೆ ಕುಖ್ಯಾತವಾಗಿ 2018ರಲ್ಲಿ ಬಾಗಿಲು ಹಾಕಿತು. 1972ರಲ್ಲಿ ಬಂದ ಇಂಟರ್‌ರೈಲ್ ಪಾಸಿನ ಕತೆ ನನಗೆ ಹೆಚ್ಚು ಇಷ್ಟ. ಮೊದಲು 21ರವರೆಗಿನವರಿಗೆ ಮಾತ್ರ. ಆಮೇಲೆ 23, ಆಮೇಲೆ 26, ಕೊನೆಗೆ ಮಿತಿಯೇ ಹೋಯಿತು. ಮೊದಲ ಗಿರಾಕಿಗಳ ಜೊತೆ ರೈಲಿಗೂ ವಯಸ್ಸಾದಂತೆ!

ಸ್ಕೀ ರಜೆಯಲ್ಲಿ ಮಿತಿ ಯಾಕೆ ಗಟ್ಟಿಯಾಗಿ ನಿಂತಿತೆಂದರೆ, ನಮ್ಮ ಟೂರ್ ಜಾಹೀರಾತುಗಳ ಕೊನೆಯ ಸಾಲಿನಲ್ಲಿ ಬರುತ್ತದಲ್ಲ, 'ಟ್ವಿನ್ ಶೇರಿಂಗ್', ಅದರಿಂದ. ಬೆಟ್ಟದ ಮೇಲಿನ 'ಶ್ಯಾಲೇ' (chalet) ಎಂಬ ಮರದ ಮನೆಯನ್ನು ವಾರಕ್ಕೆ ಇಡಿಯಾಗಿ ಹಿಡಿದಾಗ ಒಂಟಿಯಾಗಿ ಬಂದವನಿಗೆ ಒಂದಿಡೀ ಕೋಣೆ ಕೊಟ್ಟರೆ ಕಂಪನಿಗೆ ನಷ್ಟ. ಇನ್ನೊಬ್ಬ ಒಂಟಿಯನ್ನು ಜೊತೆಗೆ ಹಾಕಬೇಕು. ಇಪ್ಪತ್ತಮೂರರವನಿಗೆ ಐವತ್ತೈದರವನ ಗೊರಕೆ ಬೇಡ, ಐವತ್ತೈದರವನಿಗೆ ರಾತ್ರಿ ಎರಡಕ್ಕೆ ಬಾಗಿಲು ಬಡಿಯುವ ಬೂಟಿನ ಸದ್ದು ಬೇಡ. ಮೊಣಕಾಲಿಗೂ ಇದಕ್ಕೂ ಸಂಬಂಧವಿಲ್ಲ. ಫ್ರಾನ್ಸಿನ ಹಲವು ಸ್ಕೀ ತಾಣಗಳು 75 ದಾಟಿದವರನ್ನು ಲಿಫ್ಟಿನಲ್ಲಿ ಬಿಟ್ಟಿಯಾಗಿ ಮೇಲೆ ಹತ್ತಿಸುತ್ತವೆ.

ಬ್ರಿಟನ್ನಿನಲ್ಲಿ ಕಾನೂನೂ ಈ ಮಿತಿಯ ಪಕ್ಕಕ್ಕೇ ನಿಂತಿತು. ಸೇವೆ ಕೊಡುವಾಗ ವಯಸ್ಸಿನ ತಾರತಮ್ಯ ಮಾಡಬಾರದೆಂಬ ನಿಯಮ 2012ರ ಅಕ್ಟೋಬರ್ 1ರಂದು ಜಾರಿಗೆ ಬಂತು. ಅದರೊಳಗೇ ಒಂದು ಕಿಂಡಿ: ಒಂದು ವಯಸ್ಸಿನವರನ್ನು ಒಟ್ಟುಗೂಡಿಸುವ ಪ್ರವಾಸವಾದರೆ ಅಡ್ಡಿಯಿಲ್ಲ, ಮಿತಿ ಇಷ್ಟು ಎಂದು ಜಾಹೀರಾತಿನಲ್ಲೇ ಹೇಳಬೇಕು. ಆ ಕಿಂಡಿಯಲ್ಲಿ ತರುಣರ ಕಂಪನಿಗಳ ಜೊತೆಗೆ 50 ದಾಟಿದವರಿಗೆಂದೇ ಇರುವ 'ಸಾಗಾ' ಕೂಡ ನುಸುಳಿತು. ಸಾಗಾ ಹುಟ್ಟಿದ್ದು 1951ರಲ್ಲಿ, ಫೋಕ್‌ಸ್ಟನ್ ಎಂಬ ಕಡಲೂರಿನಲ್ಲಿ. ಸೀಸನ್ ಮುಗಿದ ಮೇಲೆ ಹೋಟೆಲಿನ ಖಾಲಿ ಹಾಸಿಗೆಗೆ ಪಿಂಚಣಿದಾರರನ್ನು ಕರೆತಂದ ಸಿಡ್ನಿ ಡಿ ಹಾನ್‌ನ ಉಪಾಯ ಅದು. ಮತ್ತೆ ಅದೇ ಖಾಲಿ ಹಾಸಿಗೆ.

ಇನ್ನು ಈ ಮಿತಿಯನ್ನು ಬೇಲಿ ಹಾಕಿದವನ ಮನೆಗೇ ಹಿಡಿದು ನೋಡೋಣ. ಹೆನ್ರಿ ಲನ್‌ನ ಮಗ ಆರ್ನಲ್ಡ್ ಹುಟ್ಟಿದ್ದು ಮದ್ರಾಸಿನಲ್ಲಿ, 1888ರ ಏಪ್ರಿಲ್‌ನಲ್ಲಿ. 1909ರಲ್ಲಿ ವೇಲ್ಸ್‌ನ ಬಂಡೆಯಿಂದ ಬಿದ್ದು ಒಂದು ಕಾಲು ಗಿಡ್ಡವಾಯಿತು. ಆ ಕಾಲಿನಲ್ಲೇ ಸ್ಕೀ ಮಾಡಿದ. 1922ರ ಜನವರಿಯಲ್ಲಿ ಮ್ಯೂರೆನ್‌ನಲ್ಲಿ ಕೋಲು ನೆಟ್ಟು ಇಂದಿನ ಸ್ಲಾಲಮ್ ಸ್ಪರ್ಧೆಗೆ ನಾಂದಿ ಹಾಡಿದ. ಆಗ ಅವನಿಗೆ 33. ಕ್ಲಬ್ 18–30 ಸೇರಿಸಿಕೊಳ್ಳುತ್ತಿರಲಿಲ್ಲ. 1928ರ ಮಾರ್ಚಿನಲ್ಲಿ ಆಸ್ಟ್ರಿಯದ ಸ್ಕೀ ಗುರು ಹಾನೆಸ್ ಶ್ನೈಡರ್ ಜೊತೆಗೂಡಿ ಅಲ್ಲಿನ ಸಾಂಕ್ಟ್ ಆಂಟನ್‌ನಲ್ಲಿ ಆರ್ಲ್‌ಬರ್ಗ್–ಕಂದಹಾರ್ ಪಂದ್ಯ ಶುರುಮಾಡಿದಾಗ 39. ಕಾಂಟಿಕಿಯೂ ಒಲ್ಲೆ ಎನ್ನುತ್ತಿತ್ತು.

ಈ ಲೆಕ್ಕವನ್ನು ಲೀಡ್ಸ್‌ಗೆ ಬರೆದು ಕಳಿಸಿದೆ. ಉತ್ತರ ಕೂಡಲೇ ಬಂತು: 'ಪರವಾಗಿಲ್ಲ ಮಾವ, ಸಾಗಾಗೆ ಇನ್ನು ಹದಿನಾಲ್ಕೇ ವರ್ಷ.'